ದುಬಾರಿ ವಿಆರ್ (ವರ್ಚುವಲ್ ರಿಯಾಲಿಟಿ) ಹೆಡ್‌ಸೆಟ್ ಇಲ್ಲದೆ, ಬ್ರೌಸರ್‌ನಲ್ಲೇ ಪ್ರೋಟೀನ್ ಒಳಗೆ ಹೋಗಿ ನೋಡಬಹುದಾ?

ಖಂಡಿತ ನೋಡಬಹುದು. ನೀವು ಚಿತ್ರದುರ್ಗದಲ್ಲಿ ಬಿಎಸ್ಸಿ ಓದುತ್ತಿದ್ದೇನೆ, ಕೈಯಲ್ಲಿರುವುದು ಒಂದು ಆಂಡ್ರಾಯ್ಡ್ ಫೋನ್ ಅಷ್ಟೇ ಅಂತ ಬರೆದಿದ್ದೀರಿ. ನಾನೂ ದುರ್ಗದಲ್ಲೇ ಜೀವರಸಾಯನ ಪಾಠ ಮಾಡುವವಳು. ನನ್ನ ಕ್ಲಾಸು ನಡೆಯುವುದೂ ಅಷ್ಟರಲ್ಲೇ: ಫೋನು, ಕ್ರೋಮ್ ಬ್ರೌಸರ್, ಫೋನು ಒಳಗಿಟ್ಟು ಕಣ್ಣಿಗೆ ಹಿಡಿಯುವ, ಎರಡು ಲೆನ್ಸ್ ಇರುವ ರಟ್ಟಿನ ಪೆಟ್ಟಿಗೆ (ಕಾರ್ಡ್‌ಬೋರ್ಡ್).

ಮೊದಲು ಫೋನಿನಲ್ಲಿ ಗೈರೋಸ್ಕೋಪ್, ಅಂದರೆ ಫೋನು ಎತ್ತ ತಿರುಗಿತು ಅಂತ ಗುರುತಿಸುವ ಸೆನ್ಸರ್, ಇದೆಯಾ ನೋಡಿಕೊಳ್ಳಿ. ಕಡಿಮೆ ಬೆಲೆಯ ಎಷ್ಟೋ ಫೋನುಗಳಲ್ಲಿ ಇರುವುದಿಲ್ಲ. ಅದಿಲ್ಲದಿದ್ದರೆ ತಲೆ ತಿರುಗಿಸಿದರೂ ದೃಶ್ಯ ಸರಿಯಾಗಿ ತಿರುಗುವುದಿಲ್ಲ. ನನ್ನ ಹಳೇ ಫೋನಿನಲ್ಲಿ ಇದು ಗೊತ್ತಾಗದೆ ಒಂದು ವಾರ ಒದ್ದಾಡಿದ್ದೆ.

ಆಮೇಲೆ ಬ್ರೌಸರ್‌ನಲ್ಲಿ ಪ್ರೋಟೀನ್‌ವಿಆರ್ (ProteinVR) ತೆರೆಯಿರಿ. ಪ್ರೋಟೀನ್ ಒಳಗೇ ನಿಂತಂತೆ ತೋರಿಸುವ ವೆಬ್ ಆ್ಯಪ್ ಇದು. ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದ ಡ್ಯುರಂಟ್ ಲ್ಯಾಬ್‌ನವರು ಮಾಡಿದ್ದು. 2020ರಲ್ಲಿ ಅದರ ಬಗ್ಗೆ ಪ್ರಬಂಧ ಬಂತು. ಏನನ್ನೂ ಇನ್‌ಸ್ಟಾಲ್ ಮಾಡಬೇಕಿಲ್ಲ. ಪ್ರೋಟೀನುಗಳ ಆಕಾರಗಳನ್ನು ಕೂಡಿಟ್ಟಿರುವ ಪ್ರೋಟೀನ್ ಡೇಟಾ ಬ್ಯಾಂಕಿನ ನಾಲ್ಕಕ್ಷರದ ಕೋಡ್ ಕೊಟ್ಟರೆ ಸಾಕು. ಕುರ್ಚಿ ಮೇಲೆ ಕೂತೇ ನೋಡಿ, ತಲೆಸುತ್ತು ಬಂದರೆ ತಕ್ಷಣ ತೆಗೆದುಬಿಡಿ.

ಮೊದಲ ಸಲಕ್ಕೆ ಮಯೋಗ್ಲೋಬಿನ್ ಹಾಕಿ, ಕೋಡ್ 1ಎಂಬಿಒ (1MBO). ನಮ್ಮ ಸ್ನಾಯುಗಳಲ್ಲಿ ಆಮ್ಲಜನಕ ಹಿಡಿದಿಡುವ ಪ್ರೋಟೀನ್ ಇದೇ. ಈ ಕೋಡಿನಲ್ಲಿರುವುದು ತಿಮಿಂಗಿಲದ್ದು. ಇದರ ಸರಪಳಿಯಲ್ಲಿ 153 ಅಮೈನೋ ಆಮ್ಲ ಅಷ್ಟೇ, ಫೋನಿಗೆ ಹಗುರ. 1958ರಲ್ಲಿ ಜಾನ್ ಕೆಂಡ್ರ್ಯೂ ತಂಡ ಇದರ ಆಕಾರ ಕಂಡುಹಿಡಿಯಿತು. ಅದಕ್ಕೂ ಮುಂಚೆ ಯಾವ ಪ್ರೋಟೀನಿನ ಮೂರು ಆಯಾಮದ ರೂಪವನ್ನೂ ಯಾರೂ ನೋಡಿರಲಿಲ್ಲ.

ನಮ್ಮ ಕೋಟೆ ನೋಡಿದ್ದೀರಲ್ವಾ? ಊರಲ್ಲಿ ನಿಂತರೆ ಕಾಣುವುದು ಬರೀ ಬಂಡೆ, ಗೋಡೆ. ಒಳಗೆ ನಡೆದಾಗಲೇ ದಾರಿ ಎಷ್ಟು ಸಲ ತಿರುಗುತ್ತದೆ ಅಂತ ತಿಳಿಯುವುದು. ಇಲ್ಲೂ ಹಾಗೇ. ಸರಪಳಿಯನ್ನು ಬರೀ ಪಟ್ಟಿಯಂತೆ ತೋರಿಸುವ ಕಾರ್ಟೂನ್ ರೂಪದಲ್ಲಿ ಹೀಲಿಕ್ಸ್‌ಗಳ (ಸುರುಳಿಗಳ) ನಡುವೆ ಬೇಕಾದಷ್ಟು ಜಾಗ ಇದ್ದಂತೆ ಕಾಣುತ್ತದೆ. ನಂಬಬೇಡಿ. ಆಮ್ಲಜನಕ ಹಿಡಿಯುವ ಕಬ್ಬಿಣ ಇರುವ ಭಾಗ ಹೀಮ್. ಅದರ ಪಕ್ಕಕ್ಕೆ ಹೋಗಿ ಸರ್ಫೇಸ್, ಅಂದರೆ ಪರಮಾಣುಗಳ ಹೊರಮೈ ತೋರಿಸುವ ರೂಪ, ಹಾಕಿ. ಸುತ್ತಲೂ ಮುಚ್ಚಿಕೊಳ್ಳುತ್ತದೆ. ಆಮ್ಲಜನಕ ನುಸುಳುವಷ್ಟು ಸಂದೂ ಉಳಿಯುವುದಿಲ್ಲ! ಆದರೂ ಅದು ಒಳಗೇ ಇದೆ, ಕಬ್ಬಿಣಕ್ಕೆ ಅಂಟಿಕೊಂಡು. ಹೇಗೆ ಬಂತು?

ಪ್ರೋಟೀನ್ ಸುಮ್ನೆ ನಿಂತಿರುವುದಿಲ್ಲ, ಸದಾ ಅಲುಗುತ್ತಿರುತ್ತದೆ. ಸರಪಳಿಯ 64ನೇ ಜಾಗದಲ್ಲಿರುವ ಹಿಸ್ಟಿಡಿನ್ ಅನ್ನುವ ಅಮೈನೋ ಆಮ್ಲ ಬಾಗಿಲಿನಂತೆ ಪಕ್ಕಕ್ಕೆ ಸರಿದಾಗ ದಾರಿಯಾಗುತ್ತದೆ. ನೀವು ನೋಡುತ್ತಿರುವುದು ಬಾಗಿಲು ಮುಚ್ಚಿದ ಒಂದೇ ಕ್ಷಣ. ಇದನ್ನು ಬೋರ್ಡಿನ ಮೇಲೆ ಬರೆದು ಎಷ್ಟು ಹೇಳಿದರೂ ಮಕ್ಕಳಿಗೆ ಹಿಡಿಯುತ್ತಿರಲಿಲ್ಲ. ಹೀಮ್ ಪಕ್ಕ ನಿಂತ ಮೇಲೆ ಅವರೇ ಕೇಳಿದರು, "ಮೇಡಂ, ಹೊರಗೆ ಹೋಗೋದು ಎಲ್ಲಿಂದ?"

ನೀವೂ ಅಲ್ಲೇ ನಿಂತು ಆ ಹಿಸ್ಟಿಡಿನ್ ಹುಡುಕಿ. ಸಿಗದಿದ್ದರೆ ಇಲ್ಲೇ ಕೇಳಿ, ಹೇಳುತ್ತೇನೆ.