ಏಳನೇ ‘ಬಿ’ಯಲ್ಲಿ ಬಂದ ಪ್ರಶ್ನೆ

ಹೆಸರು, ವಿವರ ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಇದೆ.

ಸುಮಾ ಅವರಿಗೆ 38 ವರ್ಷ. ಮುಂಬೈನ ಒಂದು ಮರಾಠಿ ಶಾಲೆಯಲ್ಲಿ ಇತಿಹಾಸ, ನಾಗರಿಕಶಾಸ್ತ್ರ ಕಲಿಸುತ್ತಾರೆ. ಮನೆಮಾತು ಧಾರವಾಡದ ಕನ್ನಡ. ಆಪ್ತ ಸಮಾಲೋಚನೆಗೆಂದು ಬಂದು ನನ್ನ ಮುಂದೆ ಕೂತು ಅವರು ಹೇಳಿದ ಮೊದಲ ಮಾತು: “ಏಳನೇ ‘ಬಿ’ ಪೀರಿಯಡ್ ಬಂತಂದ್ರ ಎದಿ ಡವಡವ ಅಂತದರೀ ಮೇಡಂ. ಪುಸ್ತಕ ಬಿಟ್ಟು ತಲಿನ ಎತ್ತಂಗಿಲ್ಲ.”

ಮೊದಲು ಡಾಕ್ಟರಿಗೆ ತೋರಿಸಿ ಬನ್ನಿ ಅಂದೆ. ಇಸಿಜಿ ಸರಿಯಾಗಿತ್ತು.

ಶುರುವಾದದ್ದು ಸಂವಿಧಾನದ ಪಾಠದಲ್ಲಿ. ರಾಜ್ಯಗಳ ಮಾತು ಬಂದಾಗ ಒಬ್ಬ ಹುಡುಗ ಎದ್ದು ಕೇಳಿದ: “ಬಾಯೀ, ತುಮ್ಹೀ ಕಾನಡೀ ನಾ? ಮಗ ಬೆಳಗಾವ್ ಕೋಣಾಚಂ?” ಟೀಚರ್, ನೀವು ಕನ್ನಡದವರಲ್ವಾ, ಹಾಗಾದರೆ ಬೆಳಗಾವಿ ಯಾರದು? ಕ್ಲಾಸು ಸುಮ್ಮನಾಯಿತು. ಇವರು ಬೋರ್ಡಿನ ಕಡೆ ತಿರುಗಿಬಿಟ್ಟರು. ಅಂದಿನಿಂದ ಕ್ಲಾಸಿನಲ್ಲಿ ಪ್ರಶ್ನೆಗಳಿಗೇ ಜಾಗ ಇಲ್ಲ.

ಇಂಥ ನಡುಕ ಮೊದಲು ಯಾವಾಗ ಆಗಿತ್ತು ಎಂದು ಕೇಳಿದೆ. ತುಂಬ ಹೊತ್ತು ಸುಮ್ಮನಿದ್ದರು. ಅವರೇ ಆರನೇ ಕ್ಲಾಸಿನಲ್ಲಿದ್ದಾಗ ಒಬ್ಬ ಶಿಕ್ಷಕರು ನಿಲ್ಲಿಸಿ, “ನೀನು ಯಾರ ಕಡೆ?” ಎಂದು ಕೇಳಿದ್ದರಂತೆ. ಇಡೀ ಕ್ಲಾಸು ನಕ್ಕಿತ್ತಂತೆ. ಮನೆಯಲ್ಲೂ ಹೇಳಿರಲಿಲ್ಲ.

ಆ ಶಿಕ್ಷಕರ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ಆದರೆ ಈ ಹುಡುಗ ಅವರಲ್ಲ. ಹನ್ನೆರಡು ವರ್ಷದವನಿಗೆ ಗೊತ್ತಿರುವ ಒಬ್ಬರೇ ಕನ್ನಡದ ಮನುಷ್ಯ ಅವನ ಟೀಚರ್. ಅವರನ್ನಲ್ಲದೆ ಯಾರನ್ನು ಕೇಳಬೇಕು? ಇದನ್ನು ಅವರಿಗೆ ಮತ್ತೆ ಮತ್ತೆ ಹೇಳಿದೆ. ಎದೆ ಬಡಿಯುವಾಗ ಎರಡೂ ಪಾದ ನೆಲಕ್ಕೆ ಒತ್ತಿ, ಉಸಿರನ್ನು ಒಳಗೆ ಎಳೆದುಕೊಂಡದ್ದಕ್ಕಿಂತ ನಿಧಾನವಾಗಿ ಹೊರಗೆ ಬಿಡಿ ಎಂದೆ. “ಒಳ್ಳೆ ಪ್ರಶ್ನೆ, ನಾಳೆ ಮಾತಾಡೋಣ” ಅನ್ನುವುದೂ ಉತ್ತರವೇ, ಆದರೆ ನಾಳೆ ಮಾತಾಡಲೇಬೇಕು.

ನಿಮ್ಮಜ್ಜ ಮುಂಬೈಗೆ ಯಾವಾಗ ಬಂದರು ಎಂದೆ. 1952ರಲ್ಲಿ, ಗಿರಣಿ ಕೆಲಸಕ್ಕೆ. ಆಗ ಧಾರವಾಡ ಯಾವ ರಾಜ್ಯದಲ್ಲಿತ್ತು? ಇತಿಹಾಸ ಕಲಿಸುವವರು ಒಂದು ಕ್ಷಣ ನನ್ನನ್ನೇ ನೋಡಿದರು. ಧಾರವಾಡ, ಬೆಳಗಾವಿ, ಬಿಜಾಪುರ, ಉತ್ತರ ಕನ್ನಡ ಎಲ್ಲ 1956ರ ನವೆಂಬರ್ 1ರವರೆಗೆ ಮುಂಬೈ ರಾಜ್ಯದಲ್ಲೇ ಇದ್ದವು. ಅವರಜ್ಜ ಬಂದದ್ದು ತನ್ನದೇ ರಾಜ್ಯದ ರಾಜಧಾನಿಗೆ. (ಉಡುಪಿ ಕಡೆಯ ನಮ್ಮಜ್ಜ ಬಂದದ್ದು ಮದ್ರಾಸ್ ಪ್ರಾಂತ್ಯದಿಂದ.) ಸುಮಾ ಅತ್ತರು. ನಾನು ತಡೆಯಲಿಲ್ಲ.

ಆಮೇಲೆ ಕ್ಲಾಸಿನ ಮಾತು. ತೀರ್ಪು ಕೊಡುವುದು ನಿಮ್ಮ ಕೆಲಸ ಅಲ್ಲ, ಆದರೆ ಇದ್ದದ್ದನ್ನು ಮುಚ್ಚಿಡಬೇಡಿ ಎಂದೆ. ಬೆಳಗಾವಿ ಇವತ್ತು ಕರ್ನಾಟಕದ ಜಿಲ್ಲೆ, ಮಹಾರಾಷ್ಟ್ರ ಅದನ್ನು ಒಪ್ಪಿಲ್ಲ. ಎರಡನ್ನೂ ಹೇಳಿ. ರಾಜ್ಯದ ಗಡಿ ಬದಲಿಸುವ ಅಧಿಕಾರವನ್ನು ಸಂವಿಧಾನದ 3ನೇ ವಿಧಿ ಸಂಸತ್ತಿಗೆ ಕೊಟ್ಟಿದೆ. ಈ ಗಡಿ ಜಗಳವನ್ನು ನೋಡಲು 1966ರಲ್ಲಿ ಮಹಾಜನ್ ಆಯೋಗ ಬಂತು, ಅದರ ವರದಿಯನ್ನು ಮಹಾರಾಷ್ಟ್ರ ಒಪ್ಪಲಿಲ್ಲ, 2004ರಲ್ಲಿ ಸುಪ್ರೀಂ ಕೋರ್ಟಿಗೆ ಹೋಯಿತು. ನಾಗರಿಕಶಾಸ್ತ್ರ ಅಂದರೆ ಇದೇ ಅಲ್ವಾ? ಜಗಳ ಬಂದಾಗ ಯಾರ ಹತ್ತಿರ ಹೋಗಬೇಕು ಅನ್ನುವುದು. ಮುಖ್ಯೋಪಾಧ್ಯಾಯಿನಿಗೆ ಮೊದಲೇ ತಿಳಿಸಿ. ಯಾವ ಮಗುವನ್ನೂ ನಿಲ್ಲಿಸಿ ‘ನಿಮ್ಮೂರು ಯಾವುದು’ ಅಂತ ಕೇಳಬೇಡಿ. ಮನೆಯಲ್ಲಿ ಕೇಳಿಕೊಂಡು ಬರಲಿ, ಹೇಳಬೇಕು ಅನ್ನಿಸಿದವರು ಹೇಳಲಿ.

ಐದನೇ ಭೇಟಿಗೆ ಬಂದಾಗ 1956ಕ್ಕಿಂತ ಮೊದಲಿನ ಒಂದು ನಕ್ಷೆ ತಂದಿದ್ದರು. ಕ್ಲಾಸಿನಲ್ಲಿ ಅದನ್ನು ಹಾಕಿ, ತಮ್ಮಜ್ಜನ ಕಥೆಯನ್ನೇ ಮೊದಲು ಹೇಳಿದರಂತೆ. ಆ ಹುಡುಗನ ಅಜ್ಜ ನಾಂದೇಡ್‌ನವರು. ನಕ್ಷೆಯಲ್ಲಿ ನಾಂದೇಡ್ ಹುಡುಕಿ, ಅದು ಹೈದರಾಬಾದ್ ರಾಜ್ಯದಲ್ಲಿ ಸಿಕ್ಕಾಗ ಅವನು ಬೆರಳು ತೆಗೆಯಲೇ ಇಲ್ಲವಂತೆ.

ಎದೆ ಈಗಲೂ ಒಮ್ಮೊಮ್ಮೆ ಹೊಡೆದುಕೊಳ್ಳುತ್ತದೆ. ತಿಂಗಳಿಗೊಮ್ಮೆ ಬರುತ್ತಾರೆ.