ಟೆಕ್ಸಾಸ್‌ನಲ್ಲಿ ಟ್ಯಾಕ್ಸೇ ಇಲ್ಲ ಅಂದವರಿಗೆ ಅಲ್ಲಿ ಮನೆ ಇಲ್ಲ

ಪ್ರಶಾಂತ್, ನಿಮ್ಮ ಪ್ರಶ್ನೆ ಇಷ್ಟೇ ಅಲ್ವಾ: ಅಮೆರಿಕದಲ್ಲಿ ನ್ಯೂಜೆರ್ಸಿಯ ಎಡಿಸನ್, ಟೆಕ್ಸಾಸಿನ ಡಲ್ಲಾಸ್, ಕ್ಯಾಲಿಫೋರ್ನಿಯದ ಸನ್ನಿವೇಲ್ ಮೂರರಲ್ಲಿ ಯಾವುದನ್ನಾದರೂ ಆರಿಸಿಕೊಳ್ಳಿ ಅಂತ ಕಂಪೆನಿ ಹೇಳಿದೆ, ಸಂಬಳ ಮೂರು ಕಡೆಯೂ ವರ್ಷಕ್ಕೆ 1.3 ಲಕ್ಷ ಡಾಲರ್, ಮನೆಯಲ್ಲಿ ದುಡಿಯುವವರು ನೀವೊಬ್ಬರೇ, ನಾಲ್ಕು ವರ್ಷದ ಮಗಳಿದ್ದಾಳೆ, ಎಲ್ಲಿ ಹೋದರೆ ಕೈಯಲ್ಲಿ ಹೆಚ್ಚು ಉಳಿಯುತ್ತದೆ? ಮಂಗಳೂರಿನ ಬಿಜೈಯಲ್ಲಿ ನಿಮ್ಮ ಕೆಳಗಿನ ಫ್ಲಾಟಿನವರು "ಟೆಕ್ಸಾಸಿಗೇ ಹೋಗಿ, ಅಲ್ಲಿ ಟ್ಯಾಕ್ಸೇ ಇಲ್ಲ" ಅಂದರಂತೆ. ಅವರು ಅಲ್ಲಿ ಬಾಡಿಗೆಗೆ ಇದ್ದು ಬಂದವರಿರಬೇಕು. ನಾನು ಎಡಿಸನ್‌ನಲ್ಲಿ ಬಾಡಿಗೆಗಿದ್ದು, ಆಮೇಲೆ ಡಲ್ಲಾಸ್ ಬದಿಯ ಫ್ರಿಸ್ಕೋದಲ್ಲಿ ಮನೆ ತೆಗೆದುಕೊಂಡವನು. ಸನ್ನಿವೇಲ್‌ನಲ್ಲಿ ಭಾವ ಇದ್ದಾರೆ, ಹಾಗಾಗಿ ಅಲ್ಲಿಯ ಲೆಕ್ಕವೂ ಗೊತ್ತುಂಟು.

ಮೊದಲು ಸಂಬಳದಿಂದ ಹೋಗುವುದು. ಕೇಂದ್ರದ ಆದಾಯ ತೆರಿಗೆ, ಸೋಶಿಯಲ್ ಸೆಕ್ಯುರಿಟಿ ಅನ್ನುವ ಪಿಂಚಣಿ ನಿಧಿಗೆ ಶೇ. 6.2, ಮೆಡಿಕೇರ್ ಅನ್ನುವ ಹಿರಿಯರ ಆರೋಗ್ಯ ವಿಮೆಗೆ ಶೇ. 1.45 ಎಲ್ಲ ಕಡೆಯೂ ಒಂದೇ. ವ್ಯತ್ಯಾಸ ಇರುವುದು ರಾಜ್ಯದ ಆದಾಯ ತೆರಿಗೆಯಲ್ಲಿ. ಟೆಕ್ಸಾಸ್‌ನಲ್ಲಿ ಅದು ಸೊನ್ನೆ, 2019ರಲ್ಲಿ ಜನರೇ ಮತ ಹಾಕಿ ಸಂವಿಧಾನದಲ್ಲಿ ಅದನ್ನು ನಿಷೇಧಿಸಿಬಿಟ್ಟಿದ್ದಾರೆ. ನ್ಯೂಜೆರ್ಸಿಯಲ್ಲಿ ಗಂಡ ಹೆಂಡತಿ ಒಟ್ಟಿಗೆ ಫೈಲ್ ಮಾಡಿದರೆ ನಿಮ್ಮ ಸಂಬಳಕ್ಕೆ ವರ್ಷಕ್ಕೆ ನಾಲ್ಕು ಸಾವಿರದ ಚಿಲ್ಲರೆ ಡಾಲರ್ ಆಗುತ್ತದೆ. ಕ್ಯಾಲಿಫೋರ್ನಿಯ ಅಂದಕೂಡಲೇ ಎಲ್ಲರೂ ಶೇ. 13.3 ಅಂತ ಹೆದರಿಸುತ್ತಾರೆ. ಅದು ಹತ್ತು ಲಕ್ಷ ಡಾಲರ್ ದಾಟಿದವರ ದರ ಮಾರಾಯ್ರೆ. ನಿಮಗೆ ಅಲ್ಲೂ ಹೆಚ್ಚುಕಡಿಮೆ ನ್ಯೂಜೆರ್ಸಿಯಷ್ಟೇ, ಜೊತೆಗೆ ಅಂಗವೈಕಲ್ಯ ವಿಮೆ ಅಂತ ಸಂಬಳದ ಶೇ. 1ಕ್ಕಿಂತ ಸ್ವಲ್ಪ ಜಾಸ್ತಿ ಹಿಡಿಯುತ್ತಾರೆ. ಸನ್ನಿವೇಲ್‌ನಲ್ಲಿ ನಿಮ್ಮನ್ನು ಮುಗಿಸುವುದು ತೆರಿಗೆ ಅಲ್ಲ, ಬಾಡಿಗೆ. ಡಲ್ಲಾಸ್ ಬದಿ ಎರಡು ಬೆಡ್‌ರೂಮಿನದ್ದು ತಿಂಗಳಿಗೆ ಎರಡು ಸಾವಿರ ಡಾಲರಿನ ಒಳಗೆ ಸಿಗುತ್ತದೆ, ಎಡಿಸನ್‌ನಲ್ಲಿ ಎರಡೂವರೆ ಸಾವಿರ ಇಟ್ಟುಕೊಳ್ಳಿ, ಸನ್ನಿವೇಲ್‌ನಲ್ಲಿ ಮೂರೂವರೆಗೂ ಕಷ್ಟ. ಒಂದೇ ಸಂಬಳಕ್ಕೆ ಸನ್ನಿವೇಲ್ ಬೇಡ. ಅದನ್ನು ಇಲ್ಲಿಗೇ ಬಿಡುವ.

ಬಾಡಿಗೆಗೆ ಇರುವಷ್ಟು ದಿನ ಟೆಕ್ಸಾಸ್ ಲಾಭವೇ. ಆದರೆ ಅಲ್ಲಿ ಕಾರಿಲ್ಲದೆ ಹಾಲಿನ ಪ್ಯಾಕೆಟೂ ಬರುವುದಿಲ್ಲ. ನೀವು ಆಫೀಸಿಗೆ ಕಾರು ತೆಗೆದುಕೊಂಡು ಹೋದರೆ ಹೆಂಡತಿ ಮಗಳು ಮನೆಯಲ್ಲಿ ಬಂದಿ, ವರ್ಷದೊಳಗೆ ಎರಡನೇ ಕಾರು ಬಂದೇ ಬರುತ್ತದೆ. ಅದರ ಇನ್ಶೂರೆನ್ಸ್, ಟೋಲು, ಬೇಸಿಗೆಯ ಎಸಿ ಬಿಲ್ಲು ಎಲ್ಲ ಸೇರಿದರೆ ಉಳಿಸಿದ ನಾಲ್ಕು ಸಾವಿರ ಎಲ್ಲಿ ಹೋಯಿತು ಅಂತ ಹುಡುಕಬೇಕು. ಎಡಿಸನ್‌ನಲ್ಲಿ ನ್ಯೂಯಾರ್ಕಿಗೆ ರೈಲುಂಟು, ಓಕ್ ಟ್ರೀ ರೋಡಿನಲ್ಲಿ ಕುಚ್ಚಲಕ್ಕಿಯಿಂದ ಹಿಡಿದು ಎಲ್ಲ ಸಿಗುತ್ತದೆ, ಒಂದು ಕಾರಿನಲ್ಲಿ ಸಂಸಾರ ನಡೆಸಿದವರು ಬೇಕಾದಷ್ಟು ಜನ ಇದ್ದಾರೆ.

ಇನ್ನು ಮನೆ ತೆರಿಗೆ. ಮಂಗಳೂರಿನಲ್ಲಿ ವರ್ಷಕ್ಕೊಮ್ಮೆ ಕಟ್ಟಿ ಮರೆತುಬಿಡುವ ಮೊತ್ತ ಅಂತ ನಿಮ್ಮ ತಲೆಯಲ್ಲಿದ್ದರೆ ಅದನ್ನು ಬಿಟ್ಟುಬಿಡಿ. ಟೆಕ್ಸಾಸ್‌ನಲ್ಲಿ ಐದು ಲಕ್ಷ ಡಾಲರಿನ ಮನೆಗೆ ವರ್ಷಕ್ಕೆ ಎಂಟರಿಂದ ಹನ್ನೊಂದು ಸಾವಿರ ಬರುತ್ತದೆ. ಮೂರು ಸಾವಿರದ ಅಂತರ ಯಾಕೆ ಅಂದರೆ, ಫ್ರಿಸ್ಕೋ ದಾಟಿ ಉತ್ತರಕ್ಕೆ ಹೋದಲ್ಲಿನ ಹೊಸ ಲೇಔಟುಗಳಲ್ಲಿ ನೀರು, ಚರಂಡಿ, ರಸ್ತೆಗೆ ಹಾಕಿದ ದುಡ್ಡನ್ನು ಬಾಂಡ್ ಮಾಡಿ, ಅಂದರೆ ಸಾಲ ಎತ್ತಿ, ಮನೆಯವರಿಂದಲೇ ವಸೂಲಿ ಮಾಡುತ್ತಾರೆ. ಇದಕ್ಕೆ ಮಡ್ ಟ್ಯಾಕ್ಸ್ ಅನ್ನುತ್ತಾರೆ. ಬಿಲ್ಡರಿನ ಸೇಲ್ಸ್‌ನವರು ಅಡುಗೆಮನೆಯ ಗ್ರಾನೈಟ್ ಬಗ್ಗೆ ಅರ್ಧ ಗಂಟೆ ಹೇಳುತ್ತಾರೆ, ಇದರ ಬಗ್ಗೆ ನೀವು ಕೇಳಿದರೆ ಮಾತ್ರ.

ಹೊಸ ಮನೆಯಲ್ಲಿ ಇನ್ನೊಂದು ಉಂಟು. ತೆರಿಗೆ ಹಾಕುವುದು ಜನವರಿ 1ಕ್ಕೆ ಅಲ್ಲಿ ಏನಿತ್ತೋ ಅದಕ್ಕೆ. ನಮ್ಮ ಬೀದಿಯಲ್ಲಿ ಕುಂದಾಪುರದ ಒಂದು ಸಂಸಾರ ಜೂನ್‌ನಲ್ಲಿ ಹೊಸ ಮನೆಗೆ ಬಂತು. ಜನವರಿಯಲ್ಲಿ ಅಲ್ಲಿ ಇದ್ದದ್ದು ಬರೀ ಜಾಗ, ಹಾಗಾಗಿ ಮೊದಲ ವರ್ಷದ ಬಿಲ್ಲು ಎರಡೂವರೆ ಸಾವಿರ. ಬ್ಯಾಂಕಿನವರು ಅದನ್ನೇ ಹನ್ನೆರಡು ಭಾಗ ಮಾಡಿ ಸಾಲದ ಕಂತಿನ ಜೊತೆ ಎಸ್ಕ್ರೋ, ಅಂದರೆ ತೆರಿಗೆ ಕಟ್ಟಲು ತೆಗೆದಿಡುವ ದುಡ್ಡು, ಅಂತ ಹಿಡಿದುಕೊಂಡರು. ಮರುವರ್ಷ ಮನೆ ಸೇರಿ ಒಂಬತ್ತು ಸಾವಿರದ ಬಿಲ್ಲು ಬಂತು. ಹಳೆಯ ಬಾಕಿಯೂ ಹೊಸ ದರವೂ ಒಟ್ಟಿಗೆ ಸೇರಿ ತಿಂಗಳ ಕಂತು ಸಾವಿರ ಡಾಲರ್ ಏರಿತು. ಬಡ್ಡಿದರ ಫಿಕ್ಸೆಡ್ ಅಲ್ವಾ ಅಂತ ಅವರು ಕೇಳಿಕೊಂಡೇ ಇದ್ದರು. ಬಡ್ಡಿ ಫಿಕ್ಸೆಡ್, ತೆರಿಗೆ ಅಲ್ಲ.

ತಗ್ಗಿಸುವ ದಾರಿಯೂ ಉಂಟು. ಸ್ವಂತ ವಾಸದ ಮನೆ ಅಂತ ಹೋಮ್‌ಸ್ಟೆಡ್ ಅರ್ಜಿ ಹಾಕಿದರೆ ಮನೆ ತೆರಿಗೆಯಲ್ಲಿ ಶಾಲೆಗೆ ಹೋಗುವ ಪಾಲಿನ ಲೆಕ್ಕದಲ್ಲಿ ಮನೆಯ ಬೆಲೆಯಿಂದ 1.4 ಲಕ್ಷ ಡಾಲರ್ ಕಳೆಯುತ್ತಾರೆ. 2023ರಲ್ಲಿ ಒಂದು ಲಕ್ಷ ಇದ್ದದ್ದು 2025ರಲ್ಲಿ ಇಷ್ಟಾಯಿತು. ಮರುವರ್ಷದಿಂದ ತೆರಿಗೆಯ ಬೆಲೆಯನ್ನು ವರ್ಷಕ್ಕೆ ಶೇ. 10ಕ್ಕಿಂತ ಹೆಚ್ಚು ಏರಿಸುವ ಹಾಗಿಲ್ಲ. ಏಪ್ರಿಲ್‌ನಲ್ಲಿ ನಿಮ್ಮ ಮನೆಗೆ ಇಷ್ಟು ಬೆಲೆ ಅಂತ ನೋಟೀಸು ಬರುತ್ತದೆ. ಮೇ 15ರೊಳಗೆ ತಕರಾರು ಹಾಕಬಹುದು. ನಾನು ಪ್ರತಿವರ್ಷ ಹಾಕುತ್ತೇನೆ: ಗ್ಯಾರೇಜಿನ ನೆಲದ ಬಿರುಕು, ಆಲಿಕಲ್ಲು ಬಿದ್ದು ಹೊಂಡ ಬಿದ್ದ ಮಾಡು, ಬೀದಿಯಲ್ಲಿ ಕಡಿಮೆಗೆ ಹೋದ ಮನೆಗಳ ಪಟ್ಟಿ. ಅಲ್ಲಿ ಜಗಳ ಮಾಡಿದವನಿಗೆ ತೆರಿಗೆ ಕಡಿಮೆ, ಸುಮ್ಮನಿದ್ದ ಮರ್ಯಾದಸ್ಥನಿಗೆ ಪೂರ್ತಿ. ಆಲಿಕಲ್ಲು ಅಂದೆನಲ್ಲ, ಮನೆ ಇನ್ಶೂರೆನ್ಸೂ ಅದರಿಂದಲೇ ದುಬಾರಿ. ಮಾಡು ಹೋದರೆ ಮನೆಗೆ ಮಾಡಿಸಿದ ವಿಮೆಯ ಶೇ. 1ನ್ನೋ 2ನ್ನೋ ಮೊದಲು ನೀವೇ ಹಾಕಬೇಕು.

ನ್ಯೂಜೆರ್ಸಿಯಲ್ಲಿ ಸರಾಸರಿ ಮನೆ ತೆರಿಗೆ 2024ರಲ್ಲಿ 10,000 ಡಾಲರ್ ದಾಟಿತು, ಮೇಲಿಂದ ಆದಾಯ ತೆರಿಗೆ ಬೇರೆ. ಕ್ಯಾಲಿಫೋರ್ನಿಯದಲ್ಲಿ 1978ರ ಪ್ರೊಪೊಸಿಷನ್ 13 ಅನ್ನುವ ಕಾನೂನು ಬಂದಾಗಿನಿಂದ ಮನೆ ತೆರಿಗೆ ಕೊಂಡ ಬೆಲೆಯ ಸುಮಾರು ಶೇ. 1 ಮಾತ್ರ, ತೆರಿಗೆಯ ಬೆಲೆ ವರ್ಷಕ್ಕೆ ಏರುವುದೂ ಹೆಚ್ಚೆಂದರೆ ಶೇ. 2. ಭಾವನ ಪಕ್ಕದ ಮನೆಯ ಮುದುಕ ಹಳೆಯ ಬೆಲೆಗೆ ಕೊಂಡವನು, ಅದೇ ಅಳತೆಯ ಮನೆಗೆ ಭಾವ ಕಟ್ಟುವುದರ ಕಾಲು ಭಾಗವನ್ನೂ ಕಟ್ಟುವುದಿಲ್ಲ. ಆದರೆ ಕೊಳ್ಳುವ ಬೆಲೆಯೇ ಹದಿನೈದು ಲಕ್ಷ ಡಾಲರಿನ ಮೇಲೆ.

ಒಂದು ಮಾತು ಮಾತ್ರ ಒಪ್ಪಿಕೊಳ್ಳಬೇಕು. ಟೆಕ್ಸಾಸ್‌ನ ಮನೆ ತೆರಿಗೆಯ ಬಿಲ್ಲಿನಲ್ಲಿ ಅರ್ಧದಷ್ಟು ಹೋಗುವುದು ಶಾಲೆಗೆ. ಮಗಳು ಐದು ತುಂಬಿದ ಮೇಲೆ ಹನ್ನೆರಡನೇ ತರಗತಿವರೆಗೆ ಸರ್ಕಾರಿ ಶಾಲೆಯಲ್ಲಿ ಫೀಸಿಲ್ಲ. ಮಂಗಳೂರಿನಲ್ಲಿ ಮನೆ ತೆರಿಗೆ ಕಡಿಮೆ ಅನ್ನುವಾಗ ಜೂನ್‌ನಲ್ಲಿ ಕಟ್ಟುವ ಶಾಲೆಯ ಫೀಸನ್ನೂ ಅದರ ಪಕ್ಕದಲ್ಲಿ ಬರೆದು ನೋಡಿ.

ನನ್ನನ್ನು ಕೇಳಿದರೆ ನಿಮಗೆ ಮುಖ್ಯವಾದದ್ದು ಶೇಕಡಾವಾರು ಅಲ್ಲ. ಆದಾಯ ತೆರಿಗೆ ಸಂಬಳದ ಬೆನ್ನು ಹತ್ತಿ ಬರುತ್ತದೆ, ಸಂಬಳ ನಿಂತರೆ ಅದೂ ನಿಲ್ಲುತ್ತದೆ. ಮನೆ ತೆರಿಗೆ ಹಾಗಲ್ಲ, ಕೆಲಸ ಹೋದರೂ ಬರುತ್ತದೆ, ಸಾಲ ತೀರಿದರೂ ಬರುತ್ತದೆ. ಎಚ್1ಬಿ ವೀಸಾದಲ್ಲಿ ಕೆಲಸ ಹೋದರೆ ಇನ್ನೊಂದನ್ನು ಹುಡುಕಲು ನಿಮಗೆ ಸಿಗುವುದು ಹೆಚ್ಚೆಂದರೆ 60 ದಿನ. ಆ ಪರಿಸ್ಥಿತಿಯಲ್ಲಿ ಟೆಕ್ಸಾಸ್‌ಗೆ ಹೋದ ವರ್ಷವೇ ಮನೆ ತೆಗೆದುಕೊಂಡು ಕೂರುವುದು ನನಗೆ ಸರಿ ಕಾಣುವುದಿಲ್ಲ. ಡಲ್ಲಾಸ್‌ಗೆ ಹೋಗಿ, ಎರಡು ವರ್ಷ ಬಾಡಿಗೆಗಿರಿ. ಆಫೀಸು ನ್ಯೂಯಾರ್ಕಿನ ಮ್ಯಾನ್‌ಹಟನ್ ಅಂತ ಆದರೆ ಮಾತ್ರ ಎಡಿಸನ್ ನೋಡಿ.

ಹೊರಡುವ ಮೊದಲು ಬಿಜೈ ಫ್ಲಾಟಿನ ತೆರಿಗೆ ಏಪ್ರಿಲ್‌ನಲ್ಲೇ ಕಟ್ಟಿಬಿಡಿ, ಶೇ. 5 ರಿಯಾಯಿತಿ ಸಿಗುತ್ತದೆ. ಮಾರುವ ಯೋಚನೆ ಇದ್ದರೆ ಹೋಗುವ ಮೊದಲೇ ಮಾರಿ. ಅಲ್ಲಿಯ ತೆರಿಗೆದಾರರಾದ ಮೇಲೆ ಮಾರಿದರೆ ಆ ಲಾಭವನ್ನು ಅಲ್ಲಿಯೂ ತೋರಿಸಬೇಕು. ನಾನು ಈ ತಿಂಗಳು ಪೂರ್ತಿ ಉಡುಪಿಯ ಅಂಬಲಪಾಡಿಯ ಮನೆಯಲ್ಲೇ ಇದ್ದೇನೆ. ಆಫರ್ ಲೆಟರಿನಲ್ಲಿ ಆಫೀಸಿನ ಜಿಪ್ ಕೋಡ್ (ಅಲ್ಲಿಯ ಪಿನ್ ಕೋಡ್) ಇದ್ದರೆ ಕಳಿಸಿ, ಊರಿನ ಹೆಸರು ಸಾಲದು. ಫ್ರಿಸ್ಕೋ ವಿಳಾಸದ ಎಷ್ಟೋ ಮನೆಗಳು ಬೇರೆ ಶಾಲಾ ಜಿಲ್ಲೆಗೆ ಬೀಳುತ್ತವೆ, ಬಾಡಿಗೆಗೆ ನೋಡುವಾಗಲೂ ಮಗಳಿಗೋಸ್ಕರ ಅದನ್ನು ಮೊದಲೇ ನೋಡಬೇಕು.