ನಿಮ್ಮ ಕಾರ್ಡ್ ಯಾರ ಬ್ಯಾಗಿನಲ್ಲಿದೆ?

ಈ ವಾರ ಒಂದು ಪತ್ರ ಓದಿದ ಮೇಲೆ ಬೇರೆ ಯಾವುದಕ್ಕೂ ಉತ್ತರ ಬರೆಯಲು ಮನಸ್ಸಾಗಲಿಲ್ಲ. ಉಳಿದವರು ಮುಂದಿನ ವಾರದವರೆಗೆ ಕಾಯಬೇಕು.

ಬರೆದವರು ಕೆಂಗೇರಿ ಉಪನಗರದ ಮೂವತ್ತೇಳರ ಹೆಣ್ಣುಮಗಳು. ಬೆಳ್ಳಂದೂರಿನ ಕಂಪನಿಯಲ್ಲಿ ಸಾಫ್ಟ್‌ವೇರ್ ಟೆಸ್ಟರ್. 2020ರ ಮಾರ್ಚ್‌ನಲ್ಲಿ ಲ್ಯಾಪ್‌ಟಾಪ್ ಹೊತ್ತು ಮನೆಗೆ ಬಂದವರು ಮನೆಯಲ್ಲೇ ಉಳಿದರು. ನಡುವೆ ಮಗು ಆಯಿತು, ಅತ್ತೆಗೆ ಮಂಡಿ ಆಪರೇಷನ್ ಆಯಿತು. ಈಗ ಕಂಪನಿ ವಾರಕ್ಕೆ ಮೂರು ದಿನ ಬನ್ನಿ ಎನ್ನುತ್ತಿದೆ. ಪಕ್ಕದ ಟೀಮಿನಲ್ಲಿ ಆರು ಜನರನ್ನು ತೆಗೆದರಂತೆ, ಅವರಲ್ಲಿ ನಾಲ್ವರು ಮನೆಯಿಂದ ಕೆಲಸ ಮಾಡುವವರು. "ಮೇಡಂ, ಲಿಸ್ಟ್ ಮಾಡುವಾಗ ನಮ್ಮಂಥವರ ಹೆಸರೇ ಮೊದಲು ಬರುತ್ತಂತೆ, ನಿಜವಾ? ಸುಮ್ನೆ ರಾಜೀನಾಮೆ ಕೊಟ್ಟು ಮನೆ ಹತ್ತಿರ ಕಡಿಮೆ ಸಂಬಳದ್ದೇ ಏನಾದರೂ ನೋಡಿಕೊಳ್ಳಲಾ?"

ನಾಲ್ಕು ಪುಟದ ಪತ್ರದಲ್ಲಿ ಅತ್ತೆಯ ಮಂಡಿಗೇ ಒಂದೂವರೆ ಪುಟ ಹೋಗಿದೆ. ಮೂರನೇ ಪುಟದ ಕೊನೆಯಲ್ಲಿ ಒಂದು ಸಾಲು: "ಸದ್ಯಕ್ಕೆ ಹಾಜರಿ ತೊಂದರೆ ಇಲ್ಲ, ಟೀಮಿನ ಹುಡುಗಿಯೊಬ್ಬಳು ತನ್ನ ಕಾರ್ಡ್ ಜೊತೆ ನನ್ನದನ್ನೂ ಸ್ವೈಪ್ ಮಾಡುತ್ತಾಳೆ."

ಅಲ್ಲಮ್ಮ, ಇದನ್ನು ಮೊದಲ ಸಾಲಿನಲ್ಲಿ ಬರೆಯುವುದಲ್ವಾ?

ಕೇಳಿದ್ದಕ್ಕೆ ಮೊದಲು ಉತ್ತರ ಹೇಳಿಬಿಡುತ್ತೇನೆ. ನಿಮ್ಮ ಭಯ ಪೂರ್ತಿ ಸುಳ್ಳಲ್ಲ. ಕೆಲಸದಿಂದ ತೆಗೆಯುವುದರ ಲೆಕ್ಕ ನನ್ನ ಹತ್ತಿರ ಇಲ್ಲ, ಬಡ್ತಿಯದ್ದು ಇದೆ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಅರ್ಥಶಾಸ್ತ್ರಜ್ಞ ನಿಕೋಲಸ್ ಬ್ಲೂಮ್ ಮತ್ತು ಜೊತೆಗಾರರು 2010–11ರಲ್ಲಿ ಚೀನಾದ ಸಿಟ್ರಿಪ್ ಎಂಬ ಪ್ರವಾಸ ಕಂಪನಿಯ ಕಾಲ್ ಸೆಂಟರ್‌ನಲ್ಲಿ ಒಂಬತ್ತು ತಿಂಗಳು ಪರೀಕ್ಷೆ ನಡೆಸಿದರು. ವಾರದಲ್ಲಿ ನಾಲ್ಕು ದಿನ ಮನೆಯಲ್ಲಿ ಕೂತವರು ಶೇ 13ರಷ್ಟು ಜಾಸ್ತಿ ಕೆಲಸ ಮಾಡಿದರು. ಆದರೆ ಅಷ್ಟೇ ಕೆಲಸ ಮಾಡಿದ ಆಫೀಸಿನವರಿಗೆ ಸಿಕ್ಕಷ್ಟು ಬಡ್ತಿ ಅವರಿಗೆ ಸಿಗಲಿಲ್ಲ. ಅದೇ ಕಂಪನಿಯಲ್ಲಿ ಆಮೇಲೆ 1,600ಕ್ಕೂ ಹೆಚ್ಚು ಜನರನ್ನು ನೋಡಿ 2024ರಲ್ಲಿ ಇನ್ನೊಂದು ಅಧ್ಯಯನ ಪ್ರಕಟಿಸಿದರು. ಈ ಸಲ ವಾರಕ್ಕೆ ಎರಡೇ ದಿನ ಮನೆ. ಬಡ್ತಿಯಲ್ಲಿ ವ್ಯತ್ಯಾಸವೇ ಕಾಣಲಿಲ್ಲ. ನಿಮ್ಮ ಕಂಪನಿ ಕೇಳುತ್ತಿರುವುದೂ ಆ ಲೆಕ್ಕವನ್ನೇ: ಮೂರು ದಿನ ಅಲ್ಲಿ, ಎರಡು ದಿನ ಮನೆಯಲ್ಲಿ.

ಈಗ ಕಾರ್ಡಿನ ವಿಷಯ. ನಾನು ಈ ಅಂಕಣಕ್ಕೆ ಬರುವ ಮೊದಲು ಪೀಣ್ಯದ ಕಾರ್ಖಾನೆಯೊಂದರ ಟೈಮ್ ಆಫೀಸಿನಲ್ಲಿದ್ದೆ. ಗೋಡೆಗೆ ಪಂಚಿಂಗ್ ಗಡಿಯಾರ, ಪಕ್ಕದಲ್ಲಿ ರಟ್ಟಿನ ಕಾರ್ಡುಗಳ ಸಾಲು. ಒಬ್ಬ ಫಿಟ್ಟರ್ ಬಸ್ ತಪ್ಪಿದ ಗೆಳೆಯನ ಕಾರ್ಡನ್ನೂ ಒತ್ತಿದ. ಹತ್ತು ನಿಮಿಷದ ಉಪಕಾರ ಅಷ್ಟೇ. ಚಾರ್ಜ್‌ಶೀಟ್, ಎನ್‌ಕ್ವೈರಿ ಎಲ್ಲ ಆಗಿ ಇಬ್ಬರೂ ಹೊರಗೆ ಹೋದರು. ತಡವಾಗಿ ಬಂದಿದ್ದರೆ ಅರ್ಧ ದಿನದ ಸಂಬಳ ಹೋಗುತ್ತಿತ್ತು, ಅಷ್ಟೇ. ಆ ಫಿಟ್ಟರ್‌ನ ಹೆಂಡತಿ ಗೇಟಿನ ಹತ್ತಿರ ಬಂದು ನಿಂತಿದ್ದು ನನಗೆ ಇನ್ನೂ ನೆನಪಿದೆ.

ಆಗ ಹಿಡಿಯಲು ಕಣ್ಣು ಬೇಕಿತ್ತು. ಈಗ ಯಾರೂ ನೋಡಬೇಕಾಗಿಲ್ಲ. ಒಂದೇ ಗೇಟಿನಲ್ಲಿ ನಾಲ್ಕು ಸೆಕೆಂಡ್ ಅಂತರದಲ್ಲಿ ಅದೇ ಎರಡು ಕಾರ್ಡು, ವಾರಕ್ಕೆ ಮೂರು ಸಲ. ಅದೇ ಹೊತ್ತಿಗೆ ನಿಮ್ಮ ಲ್ಯಾಪ್‌ಟಾಪ್ ಕೆಂಗೇರಿಯ ಮನೆಯ ಇಂಟರ್‌ನೆಟ್‌ನಿಂದ ವಿಪಿಎನ್‌ಗೆ, ಅಂದರೆ ಹೊರಗಿನಿಂದ ಕಂಪನಿಯ ಜಾಲಕ್ಕೆ ಹೋಗುವ ದಾರಿಗೆ, ಲಾಗಿನ್. ಎರಡು ಪಟ್ಟಿ ಪಕ್ಕಪಕ್ಕ ಇಟ್ಟರೆ ಕಥೆ ಮುಗಿಯಿತು. ಲಿಸ್ಟಿನಲ್ಲಿ ಹೆಸರು ಬಂದು ಕೆಲಸ ಹೋದರೆ ನೋಟಿಸ್ ಸಂಬಳ, ರಿಲೀವಿಂಗ್ ಲೆಟರ್ ಹಿಡಿದು ಹೊರಗೆ ಬರಬಹುದು. ಸುಳ್ಳು ಹಾಜರಿ ಅಂತ ಹೋದರೆ ಮುಂದಿನ ಕಂಪನಿ ವಿಚಾರಿಸಿದಾಗ ಏನು ಹೇಳುತ್ತೀರಿ? ಹಗಲು ಕಂಡ ಬಾವಿಗೆ ಇರುಳು ಬೀಳಬೇಡಿ.

ಕೋಪ ಬಂದಿದ್ದು ನಿಮ್ಮ ಮೇಲಲ್ಲ, ನಿಮ್ಮ ಮ್ಯಾನೇಜರ್ ಮೇಲೆ. "ಅಡ್ಜಸ್ಟ್ ಮಾಡ್ಕೊಳ್ಳಿ, ನಾನು ನೋಡ್ಕೊಳ್ತೀನಿ" ಎಂದಿದ್ದು ಅವರು. ಕಾರ್ಡಿನ ಉಪಾಯ ಹೇಳಿಕೊಟ್ಟಿದ್ದೂ ಅವರೇ ಅಂತ ಬರೆದಿದ್ದೀರಿ. ಒಂದು ಮೇಲ್ ಇದೆಯಾ? ಒಂದು ಮೆಸೇಜ್? ಇಲ್ಲ, ಎಲ್ಲ ಫೋನಿನಲ್ಲಿ. ನಾಳೆ ಎಚ್‌ಆರ್ ಕರೆದರೆ ಅವರಿಗೆ ಏನೂ ಗೊತ್ತಿರುವುದಿಲ್ಲ. ಈ ಅಂಕಣ ಓದುವವರಿಗೆ ನನ್ನ ಹಳೇ ಪಲ್ಲವಿ ಬಾಯಿಪಾಠವಾಗಿರಬೇಕು: ಬರೆಸಿಕೊಳ್ಳಿ. ಬಾಡಿಗೆ, ಸಾಲ, ರಜೆ, ಮನೆಯಿಂದ ಕೆಲಸ, ಏನೇ ಇರಲಿ.

ಮರುಕ ಮಾತ್ರ ನಿಮಗಿಂತ ಜಾಸ್ತಿ ಆ ಹುಡುಗಿಯ ಮೇಲೆ. ಹಾವೇರಿ ಕಡೆಯವಳು, ಮಾರತ್ತಹಳ್ಳಿ ಪಿಜಿಯಲ್ಲಿದ್ದಾಳೆ, ಇನ್ನೂ ಪ್ರೊಬೇಷನ್ ಅಂತ ನೀವೇ ಬರೆದಿದ್ದೀರಿ. ಹಿರಿಯರು ಕೇಳಿದರು, "ಆಯ್ತು ಅಕ್ಕ" ಎಂದಳು. ಇಲ್ಲ ಅನ್ನಲು ಅವಳಿಗೆ ಧೈರ್ಯ ಎಲ್ಲಿಂದ ಬರಬೇಕು?

ದಾರಿ ಕಷ್ಟ, ಒಪ್ಪುತ್ತೇನೆ. ಕೆಂಗೇರಿಯಲ್ಲಿ ನೇರಳೆ ಮೆಟ್ರೋ ಹತ್ತಿ, ಮೆಜೆಸ್ಟಿಕ್‌ನಲ್ಲಿ ಹಸಿರಿಗೆ ಬದಲಾಯಿಸಿ, ಆರ್.ವಿ. ರಸ್ತೆಯಲ್ಲಿ 2025ರ ಆಗಸ್ಟ್‌ನಲ್ಲಿ ಶುರುವಾದ ಹಳದಿಗೆ ದಾಟಿ ಸಿಲ್ಕ್ ಬೋರ್ಡ್‌ನಲ್ಲಿ ಇಳಿದರೂ, ಮುಂದೆ ರಿಂಗ್ ರೋಡಿನಲ್ಲಿ ಬಸ್ಸೇ ಗತಿ. ಅತ್ತೆಯನ್ನು ನೋಡಿಕೊಳ್ಳಲು ಆ ಮೂರು ದಿನ ಅವರ ಮಗ ಯಾಕೆ ಮನೆಯಲ್ಲಿ ಕೂರಬಾರದು ಅಂತ ಪತ್ರದಲ್ಲಿ ಎಲ್ಲೂ ಇಲ್ಲ. ಅದನ್ನು ನೀವಿಬ್ಬರೇ ಕೂತು ಮಾತಾಡಿ.

ರಾಜೀನಾಮೆ ವಿಚಾರ ಸದ್ಯಕ್ಕೆ ಬದಿಗಿಡಿ. ಮಾಡಬೇಕಾದ್ದು ಒಂದೇ. ನಾಳೆ ಬೆಳಿಗ್ಗೆ ಆ ಹುಡುಗಿಗಿಂತ ಮೊದಲು ಗೇಟಿನ ಹತ್ತಿರ ನಿಂತಿರಿ. ಕಾರ್ಡ್ ಇಸಿದುಕೊಂಡು ನೀವೇ ಸ್ವೈಪ್ ಮಾಡಿ ಒಳಗೆ ಹೋಗಿ. ಮಧ್ಯಾಹ್ನ ಅವಳಿಗೆ ಊಟ ಕೊಡಿಸಿ, ಬಿಲ್ ನೀವೇ ಕೊಡಿ.